ನಾಲ್ಕು ಗಂಟೆಯ ಆರ್‌ಎನ್‌ಎಯಲ್ಲಿ ಮುಪ್ಪು ಸಿಗದು

ಮಾನವ ಫೈಬ್ರೊಬ್ಲಾಸ್ಟ್‌ಗಳಿಗೆ (ಚರ್ಮದಂಥ ಅಂಗಾಂಶಗಳ ಕೋಶಗಳಿಗೆ) ಹೈಡ್ರೋಜನ್ ಪೆರಾಕ್ಸೈಡ್ ಕೊಟ್ಟು, ನಾಲ್ಕು ಗಂಟೆಯಲ್ಲೇ ಆರ್‌ಎನ್‌ಎ ತೆಗೆದು, ‘ಮುಪ್ಪಿನ ಜೀನ್‌ಗಳು ಏರಿವೆ’ ಎಂದು ಬರೆದರೆ ಒಪ್ಪುವುದು ಕಷ್ಟ. ಇಲ್ಲಿ ಮುಪ್ಪು ಎಂದರೆ ಕೋಶ ವಿಭಜನೆಯನ್ನು ಶಾಶ್ವತವಾಗಿ ನಿಲ್ಲಿಸುವುದು. ನಾಲ್ಕು ಗಂಟೆಯ ಹೊತ್ತಿಗೆ ಏರುವುದು ಹೀಮ್ ಆಕ್ಸಿಜಿನೇಸ್-1ರಂಥ ರಕ್ಷಣಾ ಜೀನ್‌ಗಳು. ಸಾಮಾನ್ಯ ಸ್ಥಿತಿಯಲ್ಲಿ ಕೀಪ್1 ಪ್ರೋಟೀನು ಎನ್‌ಆರ್‌ಎಫ್2 ಎಂಬ ಇನ್ನೊಂದು ಪ್ರೋಟೀನನ್ನು ಹುಟ್ಟಿದಂತೆಲ್ಲ ನಾಶಕ್ಕೆ ಕಳಿಸುತ್ತಿರುತ್ತದೆ. ಕೀಪ್1ರ ಸಿಸ್ಟೀನ್‌ಗಳು (ಗಂಧಕವಿರುವ ಅಮೈನೊ ಆಮ್ಲಗಳು) ಪೆರಾಕ್ಸೈಡ್‌ನಿಂದ ಆಕ್ಸಿಡೀಕರಣಗೊಂಡರೆ ಆ ಕೆಲಸ ನಿಲ್ಲುತ್ತದೆ. ಉಳಿದುಕೊಂಡ ಎನ್‌ಆರ್‌ಎಫ್2 ನ್ಯೂಕ್ಲಿಯಸ್‌ಗೆ ಹೋಗಿ ರಕ್ಷಣಾ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಕೋಶ ಇನ್ನೂ ತಡೆದುಕೊಳ್ಳುತ್ತಿದೆ ಎಂದಷ್ಟೇ ಇದರರ್ಥ.

ಮುಪ್ಪಿಗೆ ದಿನಗಳು ಬೇಕು. ಡಿಎನ್‌ಎಗೆ ಬಿದ್ದ ಪೆಟ್ಟು ಪಿ53 ಪ್ರೋಟೀನಿನ ಮೂಲಕ, ವಿಭಜನೆ ತಡೆಯುವ ಪಿ21ನ್ನು ಒಂದು ದಿನದೊಳಗೆ ಏರಿಸುತ್ತದೆ. ಆದರೆ ಪೆಟ್ಟು ರಿಪೇರಿಯಾದರೆ ಪಿ21 ಇಳಿದು, ಕೋಶ ಮತ್ತೆ ವಿಭಜನೆಗೆ ತೊಡಗಬಹುದು. ಕ್ರೋಮೋಸೋಮ್‌ನ ತುದಿಯಾದ ಟೆಲೊಮಿಯರ್‌ನಲ್ಲಿ ಆದ ಪೆಟ್ಟು ಸುಲಭಕ್ಕೆ ವಾಸಿಯಾಗುವುದಿಲ್ಲ. ಅಲ್ಲಿ ಪದೇ ಪದೇ ಬರುವ ಟಿಟಿಎಜಿಜಿಜಿ ಎಂಬ ಡಿಎನ್‌ಎ ಅಕ್ಷರಸಾಲಿನ ಗ್ವಾನಿನ್‌ಗಳು (ಜಿ) ಆಕ್ಸಿಡೀಕರಣಕ್ಕೆ ಬೇಗ ತುತ್ತಾಗುತ್ತವೆ. ಮುಪ್ಪಿನ ಗುರುತುಗಳಾದ ಪಿ16, ಇಂಟರ್‌ಲ್ಯೂಕಿನ್-6 ನೋಡಬೇಕಿದ್ದರೆ 7ರಿಂದ 10 ದಿನ ಕಾಯಿರಿ.

ಡೋಸ್‌ನಲ್ಲೇ ಹೆಚ್ಚಿನ ಎಡವಟ್ಟು. 30% ಪೆರಾಕ್ಸೈಡ್ ಎಂದರೆ ಸುಮಾರು 9.8 ಮೋಲಾರ್. ಅದರ 10.2 ಮೈಕ್ರೊಲೀಟರನ್ನು ನೀರು ಸೇರಿಸಿ 1 ಮಿಲಿಗೆ ತಂದರೆ 100 ಮಿಲಿಮೋಲಾರ್ ಸ್ಟಾಕ್ (ಮೂಲ ದ್ರಾವಣ). ಬಾಟಲಿ ಹಳತಾದಂತೆ ಶಕ್ತಿ ಕುಂದುವುದರಿಂದ ಲೇಬಲ್ ನಂಬಬೇಡಿ: ಸ್ಟಾಕನ್ನು ಹತ್ತು ಪಟ್ಟು ತೆಳು ಮಾಡಿ, 1 ಸೆಂ.ಮೀ. ಕ್ಯೂವೆಟ್‌ನಲ್ಲಿ 240 ನ್ಯಾನೊಮೀಟರ್‌ಗೆ ಓದಿದರೆ ಬೆಳಕಿನ ಹೀರಿಕೆ 0.436 ಬರಬೇಕು. 1 ಮಿಲಿ ಮೀಡಿಯಂಗೆ (ಕೋಶ ಬೆಳೆಸುವ ದ್ರವಕ್ಕೆ) 2 ಮೈಕ್ರೊಲೀಟರ್ ಸ್ಟಾಕ್ ಹಾಕಿದರೆ 200 ಮೈಕ್ರೊಮೋಲಾರ್. ಎರಡು ಗಂಟೆ ಇಟ್ಟು, ತೊಳೆದು, ಹೊಸ ಮೀಡಿಯಂ ಕೊಡಿ. ಪೆರಾಕ್ಸೈಡ್ ಕೊಡದ ಕಂಟ್ರೋಲ್ ಪ್ಲೇಟಿಗೂ ಅದೇ ತೊಳೆತ.

ಮೀಡಿಯಂನಲ್ಲಿ 1 ಮಿಲಿಮೋಲಾರ್ ಪೈರುವೇಟ್ ಇದ್ದರೆ ಇಷ್ಟೆಲ್ಲ ವ್ಯರ್ಥ. ಪೆರಾಕ್ಸೈಡನ್ನು ಅದೇ ನುಂಗಿಬಿಡುತ್ತದೆ. ಕೋಶಗಳು ಕಿಕ್ಕಿರಿದಿದ್ದರೂ ಅಷ್ಟೆ, ಅವುಗಳ ಕ್ಯಾಟಲೇಸ್ ಕಿಣ್ವ ಎಲ್ಲವನ್ನೂ ಒಡೆದುಹಾಕುತ್ತದೆ. ಹಾಗಾಗಿ ಕೋಶಗಳನ್ನು ಎಣಿಸಿಯೇ ಹಾಕಿ, ವರದಿಯಲ್ಲಿ ಪೆರಾಕ್ಸೈಡ್ ಸಾಂದ್ರತೆಯ ಜೊತೆ ಆ ಸಂಖ್ಯೆಯನ್ನೂ ಕೊಡಿ. ಸಾಮಾನ್ಯ ಇನ್‌ಕ್ಯುಬೇಟರ್‌ನ ಸುಮಾರು 20% ಆಮ್ಲಜನಕವೂ ಒಂದು ಒತ್ತಡವೇ. 3% ಆಮ್ಲಜನಕದಲ್ಲಿ ಇಲಿಯ ಫೈಬ್ರೊಬ್ಲಾಸ್ಟ್‌ಗಳು ವಿಭಜನೆ ನಿಲ್ಲಿಸುವುದಿಲ್ಲ ಎಂದು 2003ರಲ್ಲೇ ಗೊತ್ತಾಗಿದೆ.

ಕ್ಯುಪಿಸಿಆರ್‌ಗೆ (ಜೀನ್‌ಗಳ ಆರ್‌ಎನ್‌ಎ ಅಳೆಯುವ ಪರೀಕ್ಷೆಗೆ) ಜಿಎಪಿಡಿಎಚ್ ಜೀನ್ ಒಂದನ್ನೇ ರೆಫರೆನ್ಸ್ (ಹೋಲಿಕೆಯ ಆಧಾರ) ಮಾಡಬೇಡಿ. ಆಕ್ಸಿಡೇಟಿವ್ ಒತ್ತಡದಲ್ಲಿ ಅದೂ ಅಲುಗಾಡುತ್ತದೆ. ಮುಪ್ಪಿನ ಕೋಶಗಳನ್ನು ನೀಲಿಯಾಗಿಸುವ ಬೀಟಾ-ಗ್ಯಾಲಕ್ಟೊಸಿಡೇಸ್ ಬಣ್ಣ ಪಿಎಚ್ 6.0ಕ್ಕೆ ಸರಿಯಾಗಿ ಇರಬೇಕು. ಪ್ಲೇಟನ್ನು ಕಾರ್ಬನ್ ಡೈಆಕ್ಸೈಡ್ ಇನ್‌ಕ್ಯುಬೇಟರಿಗೆ ತಳ್ಳಿದರೆ ಪಿಎಚ್ ಇಳಿದು ಎಳೆಯ ಕೋಶಗಳೂ ನೀಲಿಯಾಗುತ್ತವೆ. 37 ಡಿಗ್ರಿಯ ಒಣ ಓವನ್ ಸಾಕು, ಪ್ಲೇಟಿಗೆ ಪ್ಯಾರಾಫಿಲ್ಮ್ ಸುತ್ತಿ.