ಬಿಚ್ಚದೇ ತಂದ ಫೋನೋಗ್ರಾಫ್

"ಸರ್, ಒಂದು ಸ್ಕ್ರೂ ಕೂಡ ಮುಟ್ಟಿಲ್ಲ. ತಾತ ಹೇಗೆ ಇಟ್ಟಿದ್ದರೋ ಹಾಗೇ ತಂದಿದ್ದೀನಿ."

ಮೂರು ಕಂಬಳಿ ಸುತ್ತಿ, ಮೇಲೆ ಹಗ್ಗ ಕಟ್ಟಿ, ಹಸುಗೂಸನ್ನು ಎತ್ತಿಕೊಂಡಂತೆ ತಂದಿದ್ದರು. ನನ್ನ ರಿಪೇರಿ ಮೇಜಿನ ಮೇಲೆ ಇಡುವಾಗಲೇ ಒಳಗೆ ಗಲಗಲ ಸದ್ದಾಯಿತು. ಪ್ಲೇಟು ಹಾಕುವ ಗ್ರಾಮಫೋನ್ ಅಲ್ಲ, ಅದಕ್ಕಿಂತ ಹಳೆಯ ಪೈಕಿ: ಸಿಲಿಂಡರ್ ಫೋನೋಗ್ರಾಫ್. ಹಿಂದಿನ ದಿನ ಕೇಳಿದ್ದ ಮೇಣದ ಸಿಲಿಂಡರನ್ನು ತೆಗೆದಿರಲಿಲ್ಲ. ಗೆರೆಗಳ ಮೇಲೆ ಓಡಿ ದನಿ ಹೊರಡಿಸುವ ಭಾಗ, ಅಂದರೆ ರೀಪ್ರೊಡ್ಯೂಸರ್, ಅದರ ಮೇಲೇ ಕೂತಿತ್ತು. ದಾರಿಯುದ್ದಕ್ಕೂ ಕುಟ್ಟಿ ಕುಟ್ಟಿ ಸಿಲಿಂಡರ್ ಮೂರು ಹೋಳಾಗಿತ್ತು, ರೀಪ್ರೊಡ್ಯೂಸರಿನ ತುದಿಯ ನೀಲದ ಹರಳಿನಿಂದ ಒಂದು ಚಕ್ಕೆ ಎದ್ದಿತ್ತು. ಪೆಟ್ಟಿಗೆಯ ಹೊರಮೈಗೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ.

"ಮುಟ್ಟಿಲ್ಲ" ಎಂಬ ಈ ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಅದರ ಹಿಂದಿರುವುದು ಪ್ರೀತಿ ಎಂದು ಗೊತ್ತು, ಅದಕ್ಕೇ ಎದುರಿಗೆ ಗದರಲೂ ಆಗುವುದಿಲ್ಲ. ಆದರೆ ದಯವಿಟ್ಟು ಅರ್ಥ ಮಾಡಿಕೊಳ್ಳಿ: ಪ್ರಯಾಣದಲ್ಲಿ ಈ ಯಂತ್ರಕ್ಕೆ ಹೊರಗಿನ ಪೆಟ್ಟಿಗಿಂತ ತನ್ನದೇ ಭಾಗಗಳ ಪೆಟ್ಟು ಹೆಚ್ಚು. ಕಂಬಳಿ ಹೊರಗಿನದನ್ನು ತಡೆಯುತ್ತದೆ. ಒಳಗೆ ಒಂದಕ್ಕೊಂದು ಬಡಿದುಕೊಳ್ಳುವುದನ್ನು ತಡೆಯಬೇಕಾದರೆ ಬಿಡಿಸಿ ಇಡುವುದೊಂದೇ ದಾರಿ.

ಬಿಡಿಸಿದರೆ ಕೆಡುತ್ತದೆ ಎಂಬ ಭಯ ಬೇಡ. ಇವು ಕಳಚಲೆಂದೇ ಮಾಡಿದ ಭಾಗಗಳು. 1908ರಲ್ಲಿ ಎಡಿಸನ್ ಕಂಪನಿ ನಾಲ್ಕು ನಿಮಿಷದ ಅಂಬೆರಾಲ್ ಸಿಲಿಂಡರ್ ತಂದಿತು. ಎರಡು ನಿಮಿಷದ ಸಿಲಿಂಡರಿನಲ್ಲಿ ಇಂಚಿಗೆ 100 ಗೆರೆಗಳಿದ್ದರೆ ಇದರಲ್ಲಿ 200. ಸಣ್ಣ ಗೆರೆಗೆ ಸಣ್ಣ ಮೊನೆ ಬೇಕು, ಹಾಗಾಗಿ ರೀಪ್ರೊಡ್ಯೂಸರನ್ನೇ ಬದಲಿಸಬೇಕಿತ್ತು. ಮನೆಯವರೇ ಕೂತು ಬದಲಿಸುತ್ತಿದ್ದರು. ಅವರು ಹಾಡು ಕೇಳಲು ಮಾಡುತ್ತಿದ್ದ ಕೆಲಸವನ್ನು ನೀವು ಊರು ದಾಟಿಸಲು ಮಾಡುತ್ತೀರಿ, ಅಷ್ಟೇ. ಹಿಡಿದಿರುವ ಸ್ಕ್ರೂ ಸಡಿಲಿಸಿ, ನೆಟ್ಟಗೆ ಮೇಲೆತ್ತಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಪುಟ್ಟ ಡಬ್ಬಿಗೆ ಹಾಕಿ ಕೈಚೀಲದಲ್ಲಿ ಇಟ್ಟುಕೊಳ್ಳಿ. ಗ್ರಾಮಫೋನಾದರೆ, ಮುಳ್ಳು ಹಿಡಿದು ದನಿ ಹೊರಡಿಸುವ ಸೌಂಡ್ ಬಾಕ್ಸಿಗೂ ಇದೇ ಉಪಚಾರ. ಅದರೊಳಗಿನ ಕಾಗೆಬಂಗಾರದ ಬಿಲ್ಲೆ ಕಾಗದದಷ್ಟು ತೆಳು, ಸುತ್ತಲಿನ ರಬ್ಬರು ಅಷ್ಟು ವರ್ಷಕ್ಕೆ ಕಲ್ಲಾಗಿರುತ್ತದೆ. ಮುಳ್ಳು ಕಿತ್ತಿಡಿ. ಸೌಂಡ್ ಬಾಕ್ಸು ಮೆಲ್ಲಗೆ ತಿರುಗಿಸಿದಾಗ ಬಾರದಿದ್ದರೆ ಬಲ ಹಾಕಬೇಡಿ. ಕೆಲವು ಹಳೆಯ ಎರಕದ ಲೋಹ ಬಿಸ್ಕತ್ತಿನಂತೆ ಮುರಿಯುತ್ತದೆ. ಆಗ ಬಲ್ಲವರಿಗೆ ತೋರಿಸಿ.

ಸ್ಪ್ರಿಂಗಿನ ಕೀ ಪೂರ್ತಿ ಇಳಿದಿರಬೇಕು. ಸಿಲಿಂಡರ್ ತೆಗೆದು, ರೀಪ್ರೊಡ್ಯೂಸರ್ ತೆಗೆದು, ಯಂತ್ರ ತಾನಾಗಿ ನಿಲ್ಲುವವರೆಗೂ ಓಡಲು ಬಿಡಿ. ಕೀ ತುಂಬಿದ ಯಂತ್ರದಲ್ಲಿ ಒಂದು ಹಲ್ಲು ಜಾರಿದರೂ ಸ್ಪ್ರಿಂಗ್ ಒಮ್ಮೆಲೇ ಬಿಚ್ಚಿಕೊಂಡು ಉಳಿದ ಹಲ್ಲುಗಳನ್ನು ಸವರಿ ಹಾಕಬಹುದು. ಇಲ್ಲೊಂದು ಎಚ್ಚರಿಕೆ: ಸ್ಪ್ರಿಂಗಿನ ಡಬ್ಬಿಯನ್ನು ನೀವು ತೆರೆಯಲೇಬೇಡಿ. ಬೆರಳು ಹೋಗುವ ಕೆಲಸ ಅದು.

ಹಾರ್ನು ಬೇರೆ ಪೆಟ್ಟಿಗೆಗೆ. ಹಾರ್ನ್ ಹಿಡಿದು ಯಂತ್ರ ಎತ್ತುವವರನ್ನು ನೋಡಿದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಮುಚ್ಚಳದ ಮೇಲಿನ ಹಿಡಿಯನ್ನೂ ನಂಬಬೇಡಿ. ಎಡಿಸನ್ ಯಂತ್ರಗಳ ಕಟ್ಟಿಗೆಯ ಮುಚ್ಚಳ ಕೆಳಗಿನ ಪೆಟ್ಟಿಗೆಗೆ ಅಂಟಿಕೊಂಡಿರುವುದು ಪಕ್ಕದ ಕೊಂಡಿಗಳಿಂದ ಮಾತ್ರ. ನೂರು ವರ್ಷ ದಾಟಿದ ಕೊಂಡಿ ಮೆಟ್ಟಿಲ ಮೇಲೆ ಬಿಟ್ಟುಕೊಂಡರೆ ಕೈಯಲ್ಲಿ ಉಳಿಯುವುದು ಮುಚ್ಚಳ ಒಂದೇ. ಹಿಡಿ ಇರುವುದೇ ಹಿಡಿಯಲಿಕ್ಕೆ ಎಂದು ವಾದಿಸಿದವರಿದ್ದಾರೆ. ಅದು ಹೊಸದಾಗಿದ್ದಾಗಿನ ಮಾತು. ಎರಡೂ ಕೈ ತಳಕ್ಕೆ ಕೊಟ್ಟು ಎತ್ತಿ.

ಪೆಟ್ಟಿಗೆಯ ತಳಕ್ಕೆ ದಪ್ಪ ಫೋಮ್ ಹಾಕಿ. ಪತ್ರಿಕೆಯ ಉಂಡೆಗಳು ಮೊದಲ ಗಂಟೆಯಲ್ಲೇ ಚಪ್ಪಟೆಯಾಗಿ, ಯಂತ್ರ ತಳ ಮುಟ್ಟುತ್ತದೆ. ಥರ್ಮೋಕೋಲ್ ಕಾಳು ಗೇರುಗಳ ನಡುವೆ ಸೇರುತ್ತದೆ, ಬೇಡ. ಮೋಟಾರು ಮೇಲಿನ ಹಲಗೆಯಿಂದ ಕೆಳಕ್ಕೆ ನೇತಾಡುತ್ತಿರುತ್ತದಾದ್ದರಿಂದ ಯಂತ್ರ ಯಾವಾಗಲೂ ನೆಟ್ಟಗೇ ಇರಬೇಕು, ಮಲಗಿಸುವುದು ಬೇಡ.

ಮೇಣದ ಸಿಲಿಂಡರಿನ ಹೊರಮೈ ಮುಟ್ಟಬೇಡಿ. ಎರಡು ಬೆರಳನ್ನು ಒಳಗೆ ತೂರಿಸಿ, ಅಗಲಿಸಿ ಎತ್ತಿ, ಅದರ ಡಬ್ಬಿಯಲ್ಲಿ ನಿಲ್ಲಿಸಿ. ಅರಗಿನ ಪ್ಲೇಟುಗಳನ್ನೂ ಅಡ್ಡ ಪೇರಿಸದೆ ನಿಲ್ಲಿಸಿಯೇ ಒಯ್ಯಿರಿ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಇವೆರಡನ್ನೂ ಬಿಟ್ಟು ಹೋಗಬೇಡಿ, ಅರ್ಧ ಗಂಟೆಗೂ ಬೇಡ.

ಆ ಮೂರು ಕಂಬಳಿಯವರ ಯಂತ್ರಕ್ಕೆ ಬೇರೆ ಹರಳು ಕೂಡಿಸಿಕೊಟ್ಟೆ. ಒಡೆದದ್ದು ಅವರ ತಾತನದೇ ದನಿ ಇದ್ದ ಸಿಲಿಂಡರ್. ಆ ಕಾಲದ ಫೋನೋಗ್ರಾಫಿನಲ್ಲಿ ಮನೆಯಲ್ಲೇ ದನಿ ಮುದ್ರಿಸಿಕೊಳ್ಳಬಹುದಿತ್ತಲ್ಲ. ಹೋಳುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದರು. ಹೊರಡುವ ಮುನ್ನ ನಾನು ಹೇಳದೆಯೇ ರೀಪ್ರೊಡ್ಯೂಸರ್ ಕಳಚಿ ಜೇಬಿಗೆ ಹಾಕಿಕೊಂಡರು. ಮನೆ ಮುಟ್ಟಿದ ಮೇಲೆ ಐದಾರು ಸುತ್ತು ಮಾತ್ರ ಕೀ ಕೊಟ್ಟು, ಬರೀ ಯಂತ್ರವನ್ನು ಓಡಿಸಿ ಕಿವಿಗೊಡಿ ಎಂದಿದ್ದೆ. ಅದೇ ರಾತ್ರಿ ಫೋನ್ ಬಂತು: "ಒಂದೇ ಸಮ ಗುಂಯ್ ಅಂತಿದೆ ಸರ್, ಈಗ ಕೂಡಿಸಲಾ?"