ಪದ ಪರಿಚಯ: ಕ್ಯಾಂಟ್ರಿಲ್ ಏಣಿ

ಪ್ರತಿ ವರ್ಷ ಮಾರ್ಚ್ 20ರ ಸುಮಾರಿಗೆ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ: ಜಗತ್ತಿನ ಸಂತೋಷದ ದೇಶಗಳ ಪಟ್ಟಿಯಲ್ಲಿ ಭಾರತಕ್ಕೆ ಇಷ್ಟನೇ ಸ್ಥಾನ. 2024ರ ವರದಿಯಲ್ಲಿ 143 ದೇಶಗಳ ಪೈಕಿ 126, 2025ರಲ್ಲಿ 147ರ ಪೈಕಿ 118. ತಲಾ ಆದಾಯ, ಆರೋಗ್ಯ, ಭ್ರಷ್ಟಾಚಾರ ಮುಂತಾದ ಆರು ಅಂಶಗಳನ್ನು ಕೂಡಿಸಿ ಈ ಪಟ್ಟಿ ಮಾಡುತ್ತಾರೆ ಎಂಬ ಸಾಲೂ ಸುದ್ದಿಯ ಕೊನೆಗೆ ಇರುತ್ತದೆ. ಆ ಸಾಲು ತಪ್ಪು. ಸ್ಥಾನ ತೀರ್ಮಾನವಾಗುವುದು ಒಂದೇ ಒಂದು ಪ್ರಶ್ನೆಯ ಉತ್ತರದಿಂದ. ಒಂದು ದೇಶದ ಅಂಕ ಹೆಚ್ಚು, ಇನ್ನೊಂದರದು ಕಡಿಮೆ ಯಾಕೆ ಎಂದು ವಿವರಿಸುವ ಹೊತ್ತಿಗೆ ಮಾತ್ರ ಆ ಆರು ಅಂಶಗಳು ಲೆಕ್ಕಕ್ಕೆ ಬರುತ್ತವೆ. ಆ ಒಂದು ಪ್ರಶ್ನೆಯ ಹೆಸರೇ ಕ್ಯಾಂಟ್ರಿಲ್ ಏಣಿ.

ಕನ್ನಡದಲ್ಲಿ ಅದನ್ನು ಹೀಗೆ ಕೇಳಬಹುದು: "ಸೊನ್ನೆಯಿಂದ ಹತ್ತರವರೆಗೆ ಮೆಟ್ಟಿಲುಗಳಿರುವ ಒಂದು ಏಣಿ ಇದೆ ಅಂದುಕೊಳ್ಳಿ. ತುದಿಯ ಹತ್ತು ಅಂದರೆ ನಿಮ್ಮ ಪಾಲಿಗೆ ಎಷ್ಟು ಒಳ್ಳೆಯ ಬದುಕು ಸಾಧ್ಯವೋ ಅದು. ಬುಡದ ಸೊನ್ನೆ ಅಂದರೆ ನಿಮ್ಮ ಪಾಲಿಗೆ ಎಷ್ಟು ಕೆಟ್ಟ ಬದುಕು ಸಾಧ್ಯವೋ ಅದು. ಸದ್ಯ ನೀವು ಯಾವ ಮೆಟ್ಟಿಲ ಮೇಲೆ ನಿಂತಿದ್ದೀರಿ ಅನ್ನಿಸುತ್ತದೆ?"

ಇದರಲ್ಲಿ 'ಸಂತೋಷ' ಎಂಬ ಮಾತೇ ಇಲ್ಲ ಎಂಬುದನ್ನು ಗಮನಿಸಿ. ನಿನ್ನೆ ನಕ್ಕಿರಾ, ಅತ್ತಿರಾ ಎಂದೂ ಕೇಳಿಲ್ಲ. ಇಡೀ ಬದುಕನ್ನು ಒಮ್ಮೆ ತೂಗಿ ನೋಡಿ ಒಂದು ಅಂಕ ಕೊಡಿ ಎನ್ನುವ ಪ್ರಶ್ನೆ ಇದು. 'ಸಂತೋಷ ಸೂಚ್ಯಂಕ' ಎಂಬ ಹೆಸರಿಗಿಂತ 'ಬಾಳಿನ ಅಂದಾಜು' ಎಂದರೆ ಹೆಚ್ಚು ಸರಿ. ಎರಡರ ವ್ಯತ್ಯಾಸ ದೊಡ್ಡದು. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್ 2010ರಲ್ಲಿ ಅಮೆರಿಕದ ಸುಮಾರು 4,50,000 ಉತ್ತರಗಳನ್ನು ವಿಶ್ಲೇಷಿಸಿದಾಗ, ಆದಾಯ ಏರಿದಂತೆಲ್ಲ ಏಣಿಯ ಅಂಕವೂ ಏರುತ್ತಲೇ ಹೋಗಿತ್ತು. ದಿನನಿತ್ಯದ ಭಾವನೆಗಳು ಮಾತ್ರ ವರ್ಷಕ್ಕೆ 75,000 ಡಾಲರ್ ದಾಟಿದ ಮೇಲೆ ಹೆಚ್ಚು ಬದಲಾಗಿರಲಿಲ್ಲ. ಎರಡನೆಯ ಮಾತಿನ ಮೇಲೆ ಆಮೇಲೆ ದೊಡ್ಡ ಚರ್ಚೆಯೇ ನಡೆದು, 2023ರಲ್ಲಿ ಕಾನೆಮನ್ ತಮ್ಮನ್ನು ಪ್ರಶ್ನಿಸಿದ ಸಂಶೋಧಕನ ಜೊತೆಗೇ ಕೂತು ಅದನ್ನು ತಿದ್ದಿ ಬರೆದರು. ಮೊದಲ ಮಾತು ಹಾಗೇ ನಿಂತಿದೆ.

ಏಣಿಯನ್ನು ರೂಪಿಸಿದ್ದು ಪ್ರಿನ್ಸ್‌ಟನ್‌ನಲ್ಲಿದ್ದ ಮನಶ್ಶಾಸ್ತ್ರಜ್ಞ ಹ್ಯಾಡ್ಲಿ ಕ್ಯಾಂಟ್ರಿಲ್. 1950ರ ದಶಕದ ಕೊನೆಯಿಂದ ಕೆಲವು ವರ್ಷ ಹತ್ತಾರು ದೇಶಗಳಲ್ಲಿ ಜನರನ್ನು ಮಾತಾಡಿಸಿ 1965ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರು ನೇರವಾಗಿ ಅಂಕ ಕೇಳುತ್ತಿರಲಿಲ್ಲ. ನಿಮ್ಮ ಆಸೆಗಳೇನು, ಬದುಕು ಹೇಗಿದ್ದರೆ ಚೆನ್ನ ಎಂದು ಮೊದಲು ಬಾಯಿಬಿಟ್ಟು ಹೇಳಿಸುತ್ತಿದ್ದರು. ಆಮೇಲೆ ಯಾವುದಕ್ಕೆ ಹೆದರುತ್ತೀರಿ ಎಂದು. ಏಣಿಯ ಚಿತ್ರ ಬರುತ್ತಿದ್ದದ್ದು ಅದಾದ ಮೇಲೆ: ನೀವು ಹೇಳಿದ ಆಸೆಗಳೇ ತುದಿ, ನೀವು ಹೇಳಿದ ಭಯಗಳೇ ಬುಡ. ಅಳತೆಗೋಲಿನ ಎರಡು ತುದಿಗಳನ್ನೂ ಉತ್ತರಿಸುವವರೇ ನೆಡಬೇಕು ಎಂಬುದು ಇಡೀ ವಿಧಾನದ ಜೀವಾಳ. 2005-06ರಿಂದ ಜನಾಭಿಪ್ರಾಯ ಸಮೀಕ್ಷೆ ನಡೆಸುವ ಗ್ಯಾಲಪ್ ಸಂಸ್ಥೆ ಬಹುತೇಕ ದೇಶಗಳಲ್ಲಿ ವರ್ಷಕ್ಕೆ ಸುಮಾರು 1,000 ಜನರನ್ನು ಕೇಳುತ್ತಿರುವ ರೂಪದಲ್ಲಿ ಆ ಮೊದಲ ಭಾಗ ಇಲ್ಲ. ಸಮಯ, ಖರ್ಚು ಎರಡೂ ಉಳಿಯಿತು, ನಿಜ. ಆದರೆ ಈಗ ಯಾರ ತಲೆಯಲ್ಲಿ ಯಾವ ತುದಿ ಇದೆ ಎಂಬುದು ಕೇಳಿದವರಿಗೂ ಗೊತ್ತಿಲ್ಲ. ನನ್ನ ಮಟ್ಟಿಗೆ ಏಣಿಗೆ ಸಂಬಂಧಿಸಿದ ಅರ್ಧ ತಕರಾರುಗಳು ಹುಟ್ಟುವುದು ಇಲ್ಲಿಂದ.

ಕ್ಯಾಂಟ್ರಿಲ್ ಅವರ ಹಳೆಯ ಅಂಕಿಗಳಲ್ಲೇ ರಾಜಕೀಯ ಎದ್ದು ಕಾಣುತ್ತದೆ. ಅಮೆರಿಕದ ಸರಾಸರಿ 6.6. ಕ್ರಾಂತಿ ಮುಗಿದ ಮರುವರ್ಷ, ಅಂದರೆ 1960ರಲ್ಲಿ, ಅಷ್ಟೇನೂ ಶ್ರೀಮಂತವಲ್ಲದ ಕ್ಯೂಬಾದಲ್ಲಿ 6.4. ಸರ್ವಾಧಿಕಾರಿ ಟ್ರುಹಿಯೊ ಹತ್ಯೆಯಾಗಿ ವರ್ಷ ತುಂಬುವ ಮೊದಲೇ, 1962ರಲ್ಲಿ, ಅತಂತ್ರವಾಗಿದ್ದ ಡೊಮಿನಿಕನ್ ಗಣರಾಜ್ಯದಲ್ಲಿ 1.6. ಅದೇ ವರ್ಷ ಭಾರತದಲ್ಲಿ 3.7. ಕ್ಯೂಬಾದಲ್ಲಿ ಮಾತಾಡಿಸಿದ್ದು ಪಟ್ಟಣದವರನ್ನು ಮಾತ್ರ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಈ ಅಂಕಿಗಳನ್ನು ಉಲ್ಲೇಖಿಸುವವರು ಅದನ್ನು ಬಿಟ್ಟುಬಿಡುವುದೇ ಹೆಚ್ಚು.

ಗ್ಯಾಲಪ್ ಈ ಏಣಿಯನ್ನು ಎರಡು ಸಲ ಕೇಳುತ್ತದೆ: ಈಗ ಎಲ್ಲಿದ್ದೀರಿ, ಐದು ವರ್ಷದ ಮೇಲೆ ಎಲ್ಲಿರುತ್ತೀರಿ. ಈಗ 7 ಅಥವಾ ಹೆಚ್ಚು, ಮುಂದೆ 8 ಅಥವಾ ಹೆಚ್ಚು ಎಂದವರು 'ಏಳಿಗೆಯಲ್ಲಿರುವವರು'. ಎರಡಕ್ಕೂ 4 ಅಥವಾ ಕಡಿಮೆ ಎಂದವರು 'ಸಂಕಟದಲ್ಲಿರುವವರು'. ಉಳಿದವರು 'ಹೆಣಗುತ್ತಿರುವವರು'. ಈಜಿಪ್ಟಿನಲ್ಲಿ 2005ರಲ್ಲಿ ಶೇ 29ರಷ್ಟಿದ್ದ ಏಳಿಗೆಯ ಗುಂಪು 2010ರ ಹೊತ್ತಿಗೆ ಶೇ 12ರ ಆಸುಪಾಸಿಗೆ ಇಳಿದಿತ್ತು. ಅದೇ ಐದು ವರ್ಷಗಳಲ್ಲಿ ಅಲ್ಲಿನ ತಲಾ ಆದಾಯ ಏರುತ್ತಲೇ ಇತ್ತು. 2011ರ ಜನವರಿಯಲ್ಲಿ ಜನ ಸರ್ಕಾರದ ವಿರುದ್ಧ ಕೈರೋದ ತಹ್ರೀರ್ ಚೌಕಕ್ಕೆ ಬಂದರು. ಜಿಡಿಪಿ ಮಾತ್ರ ನೋಡುತ್ತಿದ್ದವರಿಗೆ ಅದರ ಸುಳಿವೇ ಸಿಗುವಂತಿರಲಿಲ್ಲ.

ಹಾಗಂತ ಏಣಿ ಬಲು ಸೂಕ್ಷ್ಮ ಯಂತ್ರ, ಪಕ್ಕದ ಪ್ರಶ್ನೆಯ ಗಾಳಿಗೂ ಅಲುಗಾಡುತ್ತದೆ. ಅಮೆರಿಕದ ದಿನವಹಿ ಸಮೀಕ್ಷೆಯಲ್ಲಿ ಏಣಿಗೂ ಮುಂಚೆ ರಾಜಕೀಯದ ಪ್ರಶ್ನೆಗಳನ್ನು ಕೇಳಲಾಗುತ್ತಿತ್ತು. ಆ ಪ್ರಶ್ನೆಗಳನ್ನು ಅರ್ಧ ಜನರಿಗೆ ಕೇಳಿ, ಇನ್ನರ್ಧಕ್ಕೆ ಕೇಳದೆ ಬಿಟ್ಟಾಗ, ಕೇಳಿಸಿಕೊಂಡವರ ಸರಾಸರಿ ಅರ್ಧ ಮೆಟ್ಟಿಲಿಗಿಂತಲೂ ಹೆಚ್ಚು ಕೆಳಗಿತ್ತು ಎಂದು ಡೀಟನ್ 2012ರಲ್ಲಿ ತೋರಿಸಿದರು. ಕೆಲಸ ಕಳೆದುಕೊಂಡಾಗ ಆಗುವ ಕುಸಿತಕ್ಕಿಂತ ಇದು ಕೊಂಚವೇ ಕಡಿಮೆ. ದೇಶ ಹೋಗುತ್ತಿರುವ ದಾರಿ ನೆನಪಿಗೆ ಬಂದರೆ ಮನುಷ್ಯ ತನ್ನ ಬಾಳಿಗೂ ಅಂಕ ಕಡಿಮೆ ಕೊಡುತ್ತಾನೆ.

ಇಲ್ಲಿನ ಕ್ಷೇತ್ರಕಾರ್ಯಕ್ಕೆ ಇದರ ಅರ್ಥ ಸರಳ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಯಿಂದ ಮಹಿಳೆಯರ ಬದುಕು ಹಗುರವಾಯಿತೇ ಎಂದು ಅಳೆಯಬೇಕಿದ್ದರೆ, ಏಣಿಯ ಪ್ರಶ್ನೆ ಹೆಸರು, ವಯಸ್ಸು ಆದ ಕೂಡಲೇ ಬರಬೇಕು. ದುಡ್ಡು ಬಂತಾ, ಯಾವ ತಿಂಗಳಿಂದ ನಿಂತಿದೆ ಎಂದು ಕೇಳಿ, ಬೈಗುಳವನ್ನೂ ಕೇಳಿಸಿಕೊಂಡು, ಆಮೇಲೆ ಏಣಿ ತೋರಿಸಿದರೆ ಬರುವ ಅಂಕ ಯೋಜನೆಯ ಮೇಲಿನ ಅಂಕ.

ಬಾಗಿಲಲ್ಲಿ ಆಗುವ ಎಡವಟ್ಟು ಸಾಮಾನ್ಯವಾಗಿ ಈ ಥರದ್ದು:

"ಏಣಿ ಮೇಲೆ ಎಲ್ಲಿದ್ದೀರಿ ಅನ್ಸುತ್ತೆ ಅಮ್ಮಾ?"
"ಏನೋಪ್ಪಾ, ಹಿಂಗೇ ನಡೀತಾ ಐತೆ."

ಸಮೀಕ್ಷೆಗೆ ಹೋದ ಹುಡುಗ 5 ಎಂದು ಬರೆದುಕೊಳ್ಳುತ್ತಾನೆ. 'ನಡೀತಾ ಐತೆ' ಎನ್ನುವುದು ನಮ್ಮಲ್ಲಿ ಕ್ಷೇಮಸಮಾಚಾರಕ್ಕೆ ಕೊಡುವ ಮರ್ಯಾದೆಯ ಉತ್ತರ. ಅದರೊಳಗೆ 2 ಕೂಡ ಇರಬಹುದು, 8 ಕೂಡ. ಅರ್ಥ ಹಚ್ಚದೆ ಪ್ರಶ್ನೆಯನ್ನು ಅದೇ ಮಾತುಗಳಲ್ಲಿ ಇನ್ನೊಮ್ಮೆ ಓದಿ, ಚಿತ್ರದ ಮೇಲೆ ಅವರ ಕೈಯಲ್ಲೇ ಬೆರಳಿಡಿಸಬೇಕು. ಆಗಲೂ ಆಗದಿದ್ದರೆ 'ಉತ್ತರವಿಲ್ಲ' ಎಂದು ಗುರುತಿಸಬೇಕು. ಚಿತ್ರದಲ್ಲಿ ಸೊನ್ನೆಯನ್ನು ನೆಲದ ಮಟ್ಟದಲ್ಲಿ ಬರೆಯಬೇಕು, ಇಲ್ಲವಾದರೆ ಜನ ಕೆಳಗಿನ ಮೆಟ್ಟಿಲನ್ನೇ ಒಂದು ಎಂದು ಎಣಿಸುತ್ತಾರೆ. ಅತ್ತೆ ಪಕ್ಕದಲ್ಲಿ ಕೂತಿದ್ದರೆ ಸೊಸೆಯ ಉತ್ತರಕ್ಕೆ ಬೆಲೆಯಿಲ್ಲ, ಬೇರೆ ಹೊತ್ತಿನಲ್ಲಿ ಹೋಗುವುದೇ ವಾಸಿ.

ಅನುವಾದದಲ್ಲಿ ಹೆಚ್ಚಾಗಿ ಜಾರಿಹೋಗುವುದು 'ನಿಮ್ಮ ಪಾಲಿಗೆ' ಎಂಬ ಎರಡು ಪದ. ಅವಿಲ್ಲದೆ 'ತುದಿಯಲ್ಲಿ ಅತ್ಯುತ್ತಮ ಬದುಕು' ಎಂದರೆ ಕೇಳುವವರ ಕಣ್ಣಮುಂದೆ ಊರ ಗೌಡರ ಮಹಡಿ ಮನೆ ಬರುತ್ತದೆ. ಸಮಾಜದಲ್ಲಿ ನಿಮ್ಮ ಸ್ಥಾನ ಎಲ್ಲಿ ಎಂದು ಕೇಳುವ ಏಣಿಯೇ ಬೇರೆ ಇದೆ, ಅದಕ್ಕೆ ಮ್ಯಾಕ್‌ಆರ್ಥರ್ ಏಣಿ ಎನ್ನುತ್ತಾರೆ. ಎರಡನ್ನೂ ಒಂದೇ ಎಂದುಕೊಂಡು ಬರೆದ ವರದಿಗಳಿಗೆ ಬರವಿಲ್ಲ. ಪದ ಬಿಡದೆ ಕೇಳಿದರೂ ಏಣಿಯ ಚಿತ್ರಕ್ಕೇ ಒಂದು ಒಲವಿದೆ: 2024ರಲ್ಲಿ ಬ್ರಿಟನ್ನಿನ ಸುಮಾರು 1,600 ಜನರ ಮೇಲೆ ನಡೆದ ಪ್ರಯೋಗದಲ್ಲಿ, ಏಣಿ ಎಂದೊಡನೆ ಜನ ಹಣ, ಅಧಿಕಾರಗಳ ಬಗ್ಗೆ ಹೆಚ್ಚು ಯೋಚಿಸಿದ್ದು ಕಂಡಿತು. 'ಹತ್ತಿದ ಏಣಿ ಒದೆಯುವವರು' ಎಂದು ಬೈಯುವ ಭಾಷೆಯವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ.

ಇನ್ನೊಂದು ದೋಷಕ್ಕೆ ಪರಿಹಾರ ಅಷ್ಟು ಸುಲಭವಿಲ್ಲ. ಆಸೆಯನ್ನೇ ಚಿಕ್ಕದು ಮಾಡಿಕೊಂಡವರ ತುದಿಯೂ ಕೆಳಗಿರುತ್ತದೆ. ಎರಡು ಹೊತ್ತು ಊಟ, ಕುಡಿಯದ ಗಂಡ ಇಷ್ಟೇ ಸಾಕು ಎಂದುಕೊಂಡವರು ಸಲೀಸಾಗಿ 7 ಎನ್ನಬಹುದು. ಮಗಳು ಕಾಲೇಜು ಮುಗಿಸಿ ಬಂದ ವರ್ಷ ಅದೇ ಮನೆಯಲ್ಲಿ 4 ಬರಬಹುದು. ಅಮರ್ತ್ಯ ಸೇನ್ ಬಹಳ ಹಿಂದಿನಿಂದ ಎತ್ತುತ್ತಿರುವ ತಕರಾರು ಇದು. ಏಣಿಯ ಜೊತೆಗೆ ಊಟ, ದುಡಿಮೆ, ಓಡಾಟದ ನೇರ ಲೆಕ್ಕಗಳನ್ನೂ ಇಡುವುದು, ಆಗುವುದಾದರೆ ಕ್ಯಾಂಟ್ರಿಲ್ ಅವರ ಆಸೆ-ಭಯದ ಪ್ರಶ್ನೆಗಳನ್ನು ನೂರು ಜನರಿಗಾದರೂ ಕೇಳುವುದು, ಇಷ್ಟೇ ಸದ್ಯಕ್ಕಿರುವ ದಾರಿ.

ಕೊನೆಗೆ ಲೆಕ್ಕ. ಏಣಿಯ ಉತ್ತರಗಳ ಪ್ರಮಾಣ ವಿಚಲನೆಯನ್ನು (ಉತ್ತರಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬ ಅಳತೆ) 2.2 ಎಂದು ಹಿಡಿದರೆ, 1,000 ಜನರ ಸರಾಸರಿಯ ತಪ್ಪಿನ ಅಂಚು ಎರಡೂ ಕಡೆ 0.14ರಷ್ಟು. ಕೆಲವೇ ಊರು ಆರಿಸಿ, ಒಂದೊಂದರಲ್ಲೂ ಹಲವರನ್ನು ಗೊಂಚಲಾಗಿ ಆಯ್ದಿದ್ದರೆ 0.2ರವರೆಗೂ ಹೋಗುತ್ತದೆ. ಸಂತೋಷದ ಪಟ್ಟಿಯ ವರದಿಯವರು ಗ್ಯಾಲಪ್‌ನ ಮೂರು ವರ್ಷಗಳ ಉತ್ತರ ಕೂಡಿಸಿ ಸರಾಸರಿ ತೆಗೆಯುವುದು ಇದಕ್ಕೇ. ಆದರೂ ಪಟ್ಟಿಯ ನಡುಭಾಗದಲ್ಲಿ ಅಂಕಗಳು ಒತ್ತೊತ್ತಾಗಿರುವುದರಿಂದ ನಾಲ್ಕೈದು ಸ್ಥಾನದ ಏರಿಳಿತ ಬರೀ ಗಾಳಿಯಾಗಿರಬಹುದು. ಯೋಜನೆ ಸಿಕ್ಕವರು, ಸಿಗದವರು ಎಂಬ ಎರಡು ಗುಂಪುಗಳ ನಡುವೆ ಅರ್ಧ ಮೆಟ್ಟಿಲ ವ್ಯತ್ಯಾಸ ಹಿಡಿಯಲು ಗುಂಪಿಗೆ ಸುಮಾರು 310 ಜನ ಸಾಕು. 0.2 ಮೆಟ್ಟಿಲು ಹಿಡಿಯಬೇಕಿದ್ದರೆ ಗುಂಪಿಗೆ 1,900ಕ್ಕೂ ಹೆಚ್ಚು ಬೇಕು, ಗೊಂಚಲಾಗಿ ಆಯ್ದರೆ ಅದರ ದುಪ್ಪಟ್ಟಾದರೂ ಅಚ್ಚರಿಯಿಲ್ಲ. ಇನ್ನೂರು ಮನೆ ಸುತ್ತಿ ಬಂದು 'ಯೋಜನೆಯಿಂದ ಏನೂ ಬದಲಾಗಿಲ್ಲ' ಎಂದು ಬರೆಯುವ ಮುಂಚೆ ಈ ಗುಣಾಕಾರವನ್ನು ಒಂದು ಸಲ ಮಾಡಿ ನೋಡಬೇಕು.