ಗೋಪುರದ ಎತ್ತರಕ್ಕಿಂತ ಮೊದಲು ಕೇಳಬೇಕಾದ ಲೆಕ್ಕ: ನಗರದ ನಡುಭಾಗ ಬದಲಾದ ಬಗೆ

ಬೆಳೆಯುತ್ತಿರುವ ನಗರದ ನಡುಭಾಗದಲ್ಲಿ ಹೊಸ ಗೋಪುರವೊಂದರ ಪ್ರಸ್ತಾವ ಬಂದಾಗಲೆಲ್ಲ ಚರ್ಚೆ ಮಹಡಿಗಳ ಸಂಖ್ಯೆಯ ಬಳಿಯೇ ನಿಂತುಬಿಡುತ್ತದೆ. ಇಷ್ಟೆತ್ತರ ಬೇಕೇ ಎಂದು ಒಂದು ಕಡೆಯವರು ಕೇಳಿದರೆ, ಬೆಳವಣಿಗೆಗೆ ಅಡ್ಡಗಾಲು ಹಾಕಬೇಡಿ ಎಂದು ಮತ್ತೊಂದು ಕಡೆಯವರು ಹೇಳುತ್ತಾರೆ. ಮಂಜೂರಾತಿಯ ಕಡತದಲ್ಲಿ ಇರುವ ಮಾತುಗಳೇ ಬೇರೆ: ಎಫ್‌ಎಆರ್ (ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ನೆಲವಿಸ್ತೀರ್ಣ ಕಟ್ಟಬಹುದೆಂಬ ಅನುಪಾತ), ಸೆಟ್‌ಬ್ಯಾಕ್ (ಕಟ್ಟಡ ರಸ್ತೆಯಿಂದ ಹಿಂದೆ ಸರಿಯುವುದು), ಬೋನಸ್ ವಿಸ್ತೀರ್ಣ, ಟಿಡಿಆರ್ (ಕಟ್ಟುವ ಹಕ್ಕನ್ನು ಬೇರೆ ನಿವೇಶನಕ್ಕೆ ವರ್ಗಾಯಿಸುವುದು). ಈ ಒಂದೊಂದು ಪದದ ಹಿಂದೆಯೂ ಒಂದು ಜಗಳವಿದೆ, ಅದನ್ನು ಬಗೆಹರಿಸಲು ಮಾಡಿಕೊಂಡ ಒಂದು ಒಪ್ಪಂದವಿದೆ. ಅವುಗಳಲ್ಲಿ ಬಹುಪಾಲು ನ್ಯೂಯಾರ್ಕ್‌ನಲ್ಲಿ ರೂಪುಗೊಂಡು ಅಲ್ಲಿಂದ ಬೇರೆ ನಗರಗಳ ಕಟ್ಟಡ ನಿಯಮಗಳಿಗೆ ಹರಿದುಬಂದಿರುವುದರಿಂದ, ಕಥೆಯನ್ನು ಅಲ್ಲಿಂದಲೇ ಹಿಡಿಯುವುದು ಅನುಕೂಲ.

ಮೆಟ್ಟಿಲು ಹತ್ತುವ ಶಕ್ತಿಯೇ ಕಟ್ಟಡದ ಎತ್ತರವನ್ನು ನಿರ್ಧರಿಸುತ್ತಿದ್ದ ಕಾಲ 19ನೆಯ ಶತಮಾನದ ನಡುವಿನವರೆಗೂ ಇತ್ತು. ಹಗ್ಗ ತುಂಡಾದರೂ ಕೆಳಕ್ಕೆ ಬೀಳದ ಲಿಫ್ಟನ್ನು ಎಲಿಷಾ ಓಟಿಸ್ 1854ರಲ್ಲಿ ನ್ಯೂಯಾರ್ಕ್‌ನ ವಸ್ತುಪ್ರದರ್ಶನದಲ್ಲಿ ಜನರ ಮುಂದೆ ತೋರಿಸಿದರು. 1857ರಲ್ಲಿ ಬ್ರಾಡ್‌ವೇಯ ಅಂಗಡಿಯೊಂದರಲ್ಲಿ ಪ್ರಯಾಣಿಕರ ಲಿಫ್ಟ್ ಓಡಾಡತೊಡಗಿತು. ಯಾರಿಗೂ ಬೇಡವಾಗಿದ್ದ ಮೇಲಿನ ಮಹಡಿಗಳಿಗೆ ಮುಂದಿನ ದಶಕಗಳಲ್ಲಿ ಅತಿ ಹೆಚ್ಚಿನ ಬಾಡಿಗೆ ಬರುವಂತಾಯಿತು. ಉಳಿದದ್ದು ಗೋಡೆಯ ತೊಡಕು. ಷಿಕಾಗೊ ನಗರದಲ್ಲಿ 1891ರಲ್ಲಿ ಮುಗಿದ ಮೊನಾಡ್‌ನಾಕ್ ಕಟ್ಟಡದ ಇಟ್ಟಿಗೆ ಗೋಡೆಗಳು 16 ಮಹಡಿಗಳ ಭಾರ ಹೊರಲು ಬುಡದಲ್ಲಿ ಸುಮಾರು 6 ಅಡಿ ದಪ್ಪ ಇರಬೇಕಾಯಿತು. ಅದೇ ಊರಿನಲ್ಲಿ 1885ರಲ್ಲೇ ಎದ್ದುನಿಂತ ಹೋಮ್ ಇನ್ಶೂರೆನ್ಸ್ ಕಟ್ಟಡದಲ್ಲಿ ಭಾರವನ್ನು ಬಹುಮಟ್ಟಿಗೆ ಲೋಹದ ಚೌಕಟ್ಟೇ ಹೊತ್ತಿತ್ತು. ಲಿಫ್ಟ್ ಮತ್ತು ಉಕ್ಕು ಎರಡೂ ಕೈಗೆ ಸಿಕ್ಕಿದ ಮೇಲೆ ಎತ್ತರಕ್ಕೆ ತಾಂತ್ರಿಕ ಅಡ್ಡಿ ಹೆಚ್ಚೇನೂ ಉಳಿಯಲಿಲ್ಲ. ಅಂದಿನಿಂದ ಇಂದಿನವರೆಗೆ ಎತ್ತರದ ಪ್ರಶ್ನೆ ಮುಖ್ಯವಾಗಿ ನಿಯಮ ಮತ್ತು ಹಣದ ಪ್ರಶ್ನೆ.

ಕೆಲವು ನಗರಗಳು ಬೇಗನೆ ಎಚ್ಚೆತ್ತವು. ಷಿಕಾಗೊ 1893ರಲ್ಲಿ 130 ಅಡಿಯ ಮಿತಿ ಹಾಕಿ, ಮುಂದೆ ಅದನ್ನು ಹಲವು ಬಾರಿ ಸಡಿಲಿಸಿ ಬಿಗಿಗೊಳಿಸಿತು. ವಾಷಿಂಗ್ಟನ್‌ಗೆ 1910ರಲ್ಲಿ ಬಂದ ಕಾಯ್ದೆ ಕಟ್ಟಡದ ಎತ್ತರವನ್ನು ಅದರ ಮುಂದಿನ ರಸ್ತೆಯ ಅಗಲಕ್ಕೆ ಕಟ್ಟಿಹಾಕಿತು. ಆ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ನ್ಯೂಯಾರ್ಕ್ ಮಾತ್ರ ಸುಮ್ಮನಿತ್ತು. 1915ರಲ್ಲಿ ಅಲ್ಲಿನ ಬ್ರಾಡ್‌ವೇಯಲ್ಲಿ ಪೂರ್ಣಗೊಂಡ ಈಕ್ವಿಟಬಲ್ ಕಟ್ಟಡ ಒಂದು ಎಕರೆಗೂ ತುಸು ಕಡಿಮೆ ಇರುವ ನಿವೇಶನದ ಮೇಲೆ 38 ಮಹಡಿ, ಸುಮಾರು 12 ಲಕ್ಷ ಚದರ ಅಡಿ ಜಾಗವನ್ನು ಪೇರಿಸಿತು. ಅದು ನೇರವಾಗಿ ಪಾದಚಾರಿ ಮಾರ್ಗದ ಅಂಚಿನಿಂದಲೇ ಎದ್ದಿದೆ, ಮೇಲೇರುತ್ತ ಎಲ್ಲಿಯೂ ಹಿಂದೆ ಸರಿಯುವುದಿಲ್ಲ. ಅದರ ನೆರಳಿಗೆ ಸಿಕ್ಕಿದ ಅಕ್ಕಪಕ್ಕದ ಕಚೇರಿಗಳಿಗೆ ಹಗಲಿನ ಬೆಳಕು ತಪ್ಪಿತು. ಕಿಟಕಿಯಿಂದ ಹೆಚ್ಚು ದೂರವಿರುವ ಜಾಗಕ್ಕೆ ಬಾಡಿಗೆದಾರರು ಸಿಗದಿದ್ದ ಆ ದಿನಗಳಲ್ಲಿ ಬೆಳಕು ಎಂದರೆ ನೇರವಾಗಿ ಆದಾಯವೇ ಆಗಿತ್ತೆಂಬುದನ್ನು ಗಮನಿಸಬೇಕು.

ಮರುವರ್ಷ, 1916ರಲ್ಲಿ, ಇಡೀ ನಗರಕ್ಕೆ ಅನ್ವಯವಾಗುವ ವಲಯ ನಿಯಮಾವಳಿ, ಅಂದರೆ ಯಾವ ಭಾಗದಲ್ಲಿ ಏನನ್ನು, ಹೇಗೆ ಕಟ್ಟಬಹುದೆಂಬ ನಿಯಮಗಳು, ಬಂತು. ಅದಕ್ಕೆ ಬೆಳಕಿನ ಕಾಳಜಿಯೊಂದೇ ಕಾರಣವಾಗಿರಲಿಲ್ಲ. ಸಿದ್ಧ ಉಡುಪಿನ ಕಾರ್ಖಾನೆಗಳೂ ಅಲ್ಲಿನ ಕಾರ್ಮಿಕರೂ ತಮ್ಮ ಬೀದಿಗೆ ಬರಬಾರದೆಂಬ ಫಿಫ್ತ್ ಅವೆನ್ಯೂ ವರ್ತಕರ ಒತ್ತಾಯವೂ ಅದರ ಹಿಂದೆ ಇತ್ತು, ಮತ್ತು ವಲಯ ನಿಯಮಗಳ ಚರಿತ್ರೆಯಲ್ಲಿ ಈ ಎಳೆಯನ್ನು ಮರೆಯುವುದು ನ್ಯಾಯವಲ್ಲ. ನಿಯಮದ ತಿರುಳು ಸರಳ: ನಿಗದಿತ ಎತ್ತರವನ್ನು ದಾಟಿದ ಮೇಲೆ ಕಟ್ಟಡ ರಸ್ತೆಯಿಂದ ಹಂತಹಂತವಾಗಿ ಹಿಂದೆ ಸರಿಯಬೇಕು, ನಿವೇಶನದ ಕಾಲುಭಾಗದ ಮೇಲೆ ಮಾತ್ರ ಗೋಪುರ ಎಷ್ಟೆತ್ತರಕ್ಕಾದರೂ ಹೋಗಬಹುದು. 1931ರ ಎಂಪೈರ್ ಸ್ಟೇಟ್ ಕಟ್ಟಡದ ಅಗಲವಾದ ಬುಡ ಮತ್ತು ಮೇಲಿನ ನೀಳ ಗೋಪುರದಲ್ಲಿ ಈ ನಿಯಮವನ್ನೇ ಓದಬಹುದು.

ಎರಡನೆಯ ಮಹಾಯುದ್ಧದ ನಂತರ ಟ್ಯೂಬ್‌ಲೈಟ್ ಮತ್ತು ಹವಾನಿಯಂತ್ರಣ ಬಂದವು. ಕಿಟಕಿಯಿಂದ ಎಷ್ಟು ದೂರದಲ್ಲಾದರೂ ಮೇಜು ಹಾಕಬಹುದಾದ್ದರಿಂದ ಕಚೇರಿಯ ಮಹಡಿಗಳು ಅಗಲವಾಗುತ್ತ ಹೋದವು, ಮೆಟ್ಟಿಲು ಮೆಟ್ಟಿಲಾದ ಕಟ್ಟಡಗಳು ಹಳತಾಗಿ ಕಾಣತೊಡಗಿದವು. 1958ರಲ್ಲಿ ಪಾರ್ಕ್ ಅವೆನ್ಯೂದಲ್ಲಿ ಮುಗಿದ ಸೀಗ್ರಮ್ ಕಟ್ಟಡ ರಸ್ತೆಯಿಂದ ಸುಮಾರು 90 ಅಡಿ ಹಿಂದೆ ಸರಿದು, ಮುಂದೆ ಗ್ರಾನೈಟ್ ಹಾಸಿನ ಅಂಗಳವನ್ನು ಬಿಟ್ಟುಕೊಟ್ಟಿತು. ಯಾವ ನಿಯಮವೂ ಅದನ್ನು ಕೇಳಿರಲಿಲ್ಲ. ಜನ ಅಲ್ಲಿ ಹೋಗಿ ಕುಳಿತರು. ಯೋಜಕರಿಗೆ ಆ ನೋಟ ಮನಸ್ಸಿಗೆ ಹಿಡಿಸಿತು. 1961ರ ಹೊಸ ನಿಯಮಾವಳಿ ಎಲ್ಲ ಕಡೆಯೂ ಇಂಥದ್ದೇ ಅಂಗಳಗಳು ಬರಲೆಂದು ಹೊರಟಿತು.

ಇಂದಿನ ಎಲ್ಲ ಗೋಜಲಿನ ಮೂಲ ಆ ನಿಯಮಾವಳಿಯಲ್ಲಿರುವುದರಿಂದ ಅದನ್ನು ತುಸು ಬಿಡಿಸಿ ನೋಡಬೇಕು. ಕಟ್ಟಡದ ಆಕಾರದ ಬದಲಿಗೆ ಒಟ್ಟು ನೆಲವಿಸ್ತೀರ್ಣವನ್ನೇ ಅದು ಅಳತೆಗೋಲು ಮಾಡಿಕೊಂಡಿತು; ಇದೇ ಎಫ್‌ಎಆರ್. ಅನುಪಾತ 15 ಎಂದಿದ್ದರೆ 10,000 ಚದರ ಅಡಿಯ ನಿವೇಶನದಲ್ಲಿ ಎಲ್ಲ ಮಹಡಿಗಳೂ ಸೇರಿ 1,50,000 ಚದರ ಅಡಿ ಕಟ್ಟಬಹುದು. ನಿವೇಶನವನ್ನು ಪೂರ್ತಿ ತುಂಬಿದರೆ ಅದು 15 ಮಹಡಿಯಾಗುತ್ತದೆ, ಅರ್ಧ ಮಾತ್ರ ತುಂಬಿದರೆ 30 ಮಹಡಿ. ಎರಡನೆಯದು ನೋಡಲು ದುಪ್ಪಟ್ಟು ದೊಡ್ಡದೆನಿಸಿದರೂ ಎರಡರ ಒಳಗೂ ಇರುವ ಜಾಗ ಒಂದೇ. ಎತ್ತರದ ಬಗೆಗಿನ ಬಹುತೇಕ ಸಾರ್ವಜನಿಕ ವಾದಗಳು ದಾರಿ ತಪ್ಪುವುದು ಈ ಒಂದು ಲೆಕ್ಕ ತಿಳಿಯದೆ.

ಇದರ ಜೊತೆಗೇ ಬೋನಸ್ ಬಂತು. ಅತಿ ದಟ್ಟಣೆಯ ವಲಯಗಳಲ್ಲಿ ಸಾರ್ವಜನಿಕರಿಗೆಂದು ಬಿಟ್ಟ ಪ್ರತಿ ಒಂದು ಚದರ ಅಡಿ ಅಂಗಳಕ್ಕೆ ಪ್ರತಿಯಾಗಿ ಮೇಲೆ 10 ಚದರ ಅಡಿ ಹೆಚ್ಚುವರಿಯಾಗಿ ಕಟ್ಟಿಕೊಳ್ಳಬಹುದಿತ್ತು. ಮೇಲಿನ ಉದಾಹರಣೆಯ ನಿವೇಶನದಲ್ಲಿ 3,000 ಚದರ ಅಡಿ ಅಂಗಳ ಬಿಟ್ಟರೆ 30,000 ಚದರ ಅಡಿ ಲಾಭ, ಅಂದರೆ ಅನುಪಾತ 15ರಿಂದ 18ಕ್ಕೆ. ಇದಕ್ಕೆ ಯಾರ ವಿಶೇಷ ಅನುಮತಿಯೂ ಬೇಕಿರಲಿಲ್ಲ. ಅಂಗಳ ಹೇಗಿರಬೇಕೆಂದು ನಿಯಮ ಹೆಚ್ಚೇನನ್ನೂ ಹೇಳಲಿಲ್ಲ; ತೆರೆದಿರಬೇಕು, ಅಡೆತಡೆ ಇರಬಾರದು, ಅಷ್ಟೆ. ಕುಳಿತುಕೊಳ್ಳಲು ಆಸನ ಇರಬೇಕೆಂಬ ಷರತ್ತೇ ಇರಲಿಲ್ಲ. ಹಾಗಾಗಿ ಗೋಪುರದ ಬದಿಗೋ ಹಿಂದಕ್ಕೋ ಬಿಸಿಲು ಬೀಳದ ಮೂಲೆಯಲ್ಲಿ, ನೆಲಮಾಳಿಗೆಗೆ ವಾಹನ ಇಳಿಯುವ ದಾರಿಯ ಪಕ್ಕದಲ್ಲಿ ಬರಿಯ ಕಲ್ಲುಹಾಸುಗಳು ಬಂದವು. ಎತ್ತರದ ಗೋಡೆಗೆ ಬಡಿದು ಕೆಳಗಿಳಿಯುವ ಗಾಳಿ ಅಲ್ಲಿ ಯಾರನ್ನೂ ನಿಲ್ಲಗೊಡುತ್ತಿರಲಿಲ್ಲ. ಗಿಡದ ಕಟ್ಟೆಯ ಅಂಚಿಗೆ ಯಾರೂ ಕೂರದಂತೆ ಕಬ್ಬಿಣದ ಮುಳ್ಳುಗಳನ್ನು ನೆಟ್ಟದ್ದೂ ಉಂಟು.

ನಗರ ಜೀವನದ ಅಧ್ಯಯನಕಾರ ವಿಲಿಯಂ ವೈಟ್ ಮತ್ತು ಅವರ ಸಂಗಡಿಗರು 1970ರ ದಶಕದಲ್ಲಿ ಇಂಥ ಅಂಗಳಗಳ ಮುಂದೆ ಕ್ಯಾಮೆರಾ ಇಟ್ಟು ಯಾರು ಎಲ್ಲಿ ನಿಲ್ಲುತ್ತಾರೆ, ಎಷ್ಟು ಹೊತ್ತು ಕೂರುತ್ತಾರೆ ಎಂದು ದಾಖಲಿಸಿದರು. ಕೂರಲು ಜಾಗವಿದ್ದಲ್ಲಿ ಜನ ಕೂರುತ್ತಾರೆ ಎಂಬ, ಕೇಳಿದರೆ ಸಾಮಾನ್ಯವೆನಿಸುವ ಸಂಗತಿಯೇ ಅವರ ಮುಖ್ಯ ಕಾಣಿಕೆಯಾಗಿತ್ತು. 1975ರ ತಿದ್ದುಪಡಿ ಅಂಗಳದ ಪ್ರತಿ 30 ಚದರ ಅಡಿಗೆ ಒಂದು ಅಡಿ ಉದ್ದದ ಆಸನ ಇರಬೇಕೆಂದು ವಿಧಿಸಿತು. ಅಷ್ಟರಲ್ಲಿ ಬಹಳಷ್ಟು ಗೋಪುರಗಳು ಎದ್ದು ನಿಂತಿದ್ದವು. 2000ದಲ್ಲಿ ಪ್ರಕಟವಾದ ಸಮೀಕ್ಷೆ 320 ಕಟ್ಟಡಗಳಲ್ಲಿ ಇಂಥ 503 ಸ್ಥಳಗಳನ್ನು ಗುರುತಿಸಿತು. ಅವುಗಳಲ್ಲಿ 41 ಪ್ರತಿಶತ ಜನರಿಗೆ ಅಷ್ಟಾಗಿ ಉಪಯೋಗಕ್ಕೆ ಬಾರದವು. ಬೀಗ ಹಾಕಿದ ಗೇಟು, ತೆಗೆದುಹಾಕಿದ ಬೆಂಚು, ಅಂಗಳದೊಳಕ್ಕೆ ಚಾಚಿಕೊಂಡ ಹೋಟೆಲಿನ ಮೇಜುಗಳಂಥ ಉಲ್ಲಂಘನೆಗಳೂ ಬೆಳಕಿಗೆ ಬಂದವು. ಮಾಲೀಕರು ನಿಯಮದಲ್ಲಿದ್ದುದನ್ನು ಬಳಸಿಕೊಂಡರು, ಅಧಿಕಾರಿಗಳು ನಿಯಮ ಹೇಳಿದಂತೆ ಮಂಜೂರು ಮಾಡಿದರು. ಆದರೆ ಮೇಲೆ ಸಿಕ್ಕ ವಿಸ್ತೀರ್ಣ ಕಟ್ಟಡ ಇರುವವರೆಗೂ ಉಳಿಯುತ್ತದೆ. ಕೆಳಗೆ ಕೊಟ್ಟ ಮಾತನ್ನು ಯಾರಾದರೂ ಬಂದು ನೋಡುತ್ತಿದ್ದರೆ ಮಾತ್ರ ಅದು ಉಳಿಯುತ್ತದೆ. ಬೋನಸ್ ಕೊಡುವ ಯಾವ ನಗರವೂ ಈ ಅಸಮತೋಲನವನ್ನು ಹಗುರವಾಗಿ ಕಾಣಬಾರದು.

ಟಿಡಿಆರ್‌ನ ಕಥೆ ಇದಕ್ಕೆ ಸಮಾನಾಂತರವಾಗಿ ನಡೆಯಿತು. 1963ರಲ್ಲಿ ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು ಕೆಡವತೊಡಗಿದಾಗ ಎದ್ದ ಆಕ್ರೋಶದಿಂದ 1965ರಲ್ಲಿ ಪಾರಂಪರಿಕ ಕಟ್ಟಡಗಳ ರಕ್ಷಣೆಯ ಕಾನೂನು ಬಂತು. ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಮೇಲೆ ಗೋಪುರ ಕಟ್ಟಲು ಅನುಮತಿ ಸಿಗದ ರೈಲ್ವೆ ಕಂಪನಿ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1978ರಲ್ಲಿ ಸೋತಿತು. ನಿಲ್ದಾಣದ ಮೇಲೆ ಕಟ್ಟಲಾಗದ ವಿಸ್ತೀರ್ಣವನ್ನು ಹತ್ತಿರದ ಬೇರೆ ನಿವೇಶನಗಳಿಗೆ ವರ್ಗಾಯಿಸಲು ಅವಕಾಶವಿದೆ ಎಂಬ ಅಂಶವನ್ನೂ ನ್ಯಾಯಾಲಯ ಪರಿಗಣಿಸಿತ್ತು. ಹಳೆಯ ಕಟ್ಟಡ ಉಳಿಯಿತು, ಮತ್ತು ಅದರ ಮೇಲಿನ ಖಾಲಿ ಆಕಾಶ ಕೊಡಕೊಳ್ಳುವ ಸರಕಾಯಿತು.

ಯೂರೋಪಿನ ನಗರಗಳು ಬೇರೆ ದಾರಿ ಹಿಡಿದವು. ಲಂಡನ್ 1930ರ ದಶಕದಿಂದಲೂ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟ ಕಾಣುವ ನೋಟಗಳನ್ನು ಕಾಯುತ್ತ ಬಂದಿದೆ. 1973ರಲ್ಲಿ ಮುಗಿದ ಮೊಂಪಾರ್ನಾಸ್ ಗೋಪುರವನ್ನು ಕಂಡು ಬೇಸತ್ತ ಪ್ಯಾರಿಸ್ 1977ರಲ್ಲಿ 37 ಮೀಟರ್ ಮಿತಿ ಹಾಕಿತು, 2010ರಲ್ಲಿ ಕೆಲವೆಡೆ ಸಡಿಲಿಸಿತು, 2023ರಲ್ಲಿ ಮತ್ತೆ ಬಿಗಿಗೊಳಿಸಿತು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬರೆದಿಟ್ಟ ನಿಯಮವೇ ಇರಲಿಲ್ಲ. ಸಿಟಿ ಹಾಲ್ ಮೇಲಿನ ವಿಲಿಯಂ ಪೆನ್ ಪ್ರತಿಮೆಯನ್ನು ಯಾವ ಕಟ್ಟಡವೂ ಮೀರಬಾರದೆಂಬ ರೂಢಿ 1980ರ ದಶಕದವರೆಗೂ ನಡೆದು, 1987ರಲ್ಲಿ ಒನ್ ಲಿಬರ್ಟಿ ಪ್ಲೇಸ್ ಮುಗಿಯುವುದರೊಂದಿಗೆ ಕೊನೆಗೊಂಡಿತು.

ಕಳೆದ ದಶಕದ ಹೊಸ ಬೆಳವಣಿಗೆಯೆಂದರೆ ಸಣಕಲು ಗೋಪುರಗಳು. ನೆರೆಯ ನಿವೇಶನಗಳ ಬಳಕೆಯಾಗದ ವಿಸ್ತೀರ್ಣವನ್ನು ಕೊಂಡು ಒಂದೇ ಕಿರಿದಾದ ನಿವೇಶನದ ಮೇಲೆ ಪೇರಿಸಿದಾಗ, ಮ್ಯಾನ್‌ಹಟನ್‌ನ 57ನೇ ಬೀದಿಯಲ್ಲಿರುವಂತೆ, ಅಗಲದ ಸುಮಾರು 24 ಪಟ್ಟು ಎತ್ತರವಿರುವ 435 ಮೀಟರ್‌ನ ವಸತಿ ಗೋಪುರವೂ ಸಾಧ್ಯವಾಗುತ್ತದೆ. ಯಂತ್ರಗಳನ್ನಿಡುವ ಮಹಡಿಗಳು ಎಫ್‌ಎಆರ್ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಕೆಲವು ಕಟ್ಟಡಗಳು ಅವುಗಳನ್ನು ಬಹಳ ಎತ್ತರವಾಗಿ ಕಟ್ಟಿ ಮೇಲಿನ ಮನೆಗಳನ್ನು ಇನ್ನಷ್ಟು ಮೇಲಕ್ಕೆ ಏರಿಸಿದವು. 2019ರಲ್ಲಿ ನ್ಯೂಯಾರ್ಕ್ ಈ ದಾರಿಯನ್ನೂ ಬಹುಮಟ್ಟಿಗೆ ಮುಚ್ಚಿತು.

ಕೋವಿಡ್ ನಂತರ ಮನೆಯಿಂದ ಕೆಲಸ ಮಾಡುವ ರೂಢಿ ಉಳಿದುಕೊಂಡು ಕಚೇರಿ ಗೋಪುರಗಳು ಖಾಲಿಯಾದಾಗ ಹಳೆಯ ಬೆಳಕಿನ ಪ್ರಶ್ನೆ ಮತ್ತೆ ಮುಂದೆ ಬಂದಿದೆ. ಟ್ಯೂಬ್‌ಲೈಟಿಗೂ ಮೊದಲು ಕಟ್ಟಿದ, ಕಿಟಕಿ ಹತ್ತಿರವಿರುವ ಕಟ್ಟಡಗಳನ್ನು ಮನೆಗಳಾಗಿ ಪರಿವರ್ತಿಸುವುದು ಹೆಚ್ಚು ಸುಲಭ. 1960ರ ನಂತರದ ಅಗಲವಾದ ಮಹಡಿಗಳ ನಡುಭಾಗ ಹಗಲಲ್ಲೂ ಕತ್ತಲು. ಅಂಥ ಕಡೆ ಮಲಗುವ ಕೋಣೆ ಮಾಡಲಾಗದು. ನ್ಯೂಯಾರ್ಕ್ 2024ರ ಕೊನೆಯಲ್ಲಿ 1990ರವರೆಗಿನ ಕಚೇರಿ ಕಟ್ಟಡಗಳನ್ನೂ ವಸತಿಗೆ ಬದಲಾಯಿಸಲು ದಾರಿ ಮಾಡಿಕೊಟ್ಟಿದೆ. ಮ್ಯಾನ್‌ಹಟನ್‌ನ ದಕ್ಷಿಣ ತುದಿಯಲ್ಲಿ 1960ರ ದಶಕದ 22 ಮಹಡಿಗಳ ಕಚೇರಿಯೊಂದನ್ನು 1,300ಕ್ಕೂ ಹೆಚ್ಚು ಮನೆಗಳಾಗಿ ಬದಲಾಯಿಸುವಾಗ ಬೆಳಕಿಗಾಗಿ ಕಟ್ಟಡದ ನಡುವೆ ಮೇಲಿನಿಂದ ಕೆಳಗೆ ಎರಡು ಬಾವಿಗಳನ್ನು ಕೊರೆದರು. ಹಾಗೆ ಕತ್ತರಿಸಿ ತೆಗೆದ ನೆಲವಿಸ್ತೀರ್ಣವನ್ನು ನಿಯಮದ ಪ್ರಕಾರ ಕಳೆದುಕೊಳ್ಳಬೇಕಿರಲಿಲ್ಲ. ಅದೇ ಕಟ್ಟಡದ ನೆತ್ತಿಯ ಮೇಲೆ ಹೊಸದಾಗಿ 10 ಮಹಡಿಗಳು ಎದ್ದಿವೆ.